ಸೆಕೆಯ ನಗರದಲ್ಲಿ ವರ್ತಕರ ದಿನಚರಿ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ತಂಪಿನಿಂದ ಹೊರಗೆ ಕಾಲಿಟ್ಟೊಡನೆ ಕನ್ನಡಕದ ಗಾಜಿನ ಮೇಲೆ ಮಂಜು ಕವಿಯುತ್ತದೆ. ಕರಾವಳಿಯ ವರ್ತಕರಿಗೆ ಈ ಸೆಕೆ ಹೊಸದಲ್ಲ. ಆದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಿಂದ ಖರೀದಿಗಾಗಿಯೋ ವಸ್ತುಪ್ರದರ್ಶನಕ್ಕಾಗಿಯೋ ತೆರಳುವವರಿಗೆ ಅದು ಪರೀಕ್ಷೆಯೇ ಸರಿ. ಇಂತಹ ಹವೆಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರಗಳು ಬೇಕು. ವ್ಯಾಪಾರ ಪ್ರವಾಸವಾದರೋ ಮೂರು ನಾಲ್ಕು ದಿನಗಳಲ್ಲಿ ಮುಗಿಯುತ್ತದೆ. ಆದುದರಿಂದ ದೇಹವನ್ನು ಒಗ್ಗಿಸುವುದಕ್ಕಿಂತ ದಿನಚರಿಯನ್ನು ಒಗ್ಗಿಸುವುದೇ ಜಾಣತನ.

ಬೆವರಿನ ಲೆಕ್ಕಾಚಾರ

ಸಿಂಗಪುರದ ಹಗಲಿನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 31ರಿಂದ 33 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ 40 ಡಿಗ್ರಿ ಕಾಣುವ ಕಲಬುರಗಿಯವರಿಗೆ ಇದು ಅಲ್ಪವೆನಿಸಬಹುದು. ಆದರೆ ಒಂದು ಲೀಟರ್ ಬೆವರು ಆವಿಯಾದರೆ ದೇಹದಿಂದ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಹೋಗುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಬೆವರು ಬೇಗನೆ ಆರುತ್ತದೆ. ಸರಾಸರಿ ತೇವಾಂಶ ಶೇ. 80ನ್ನು ಮೀರುವ ಸಿಂಗಪುರದಲ್ಲಿ ಅದು ಆರದೆ ಹನಿಹನಿಯಾಗಿ ಸುರಿದುಹೋಗುತ್ತದೆ. ನೀರೂ ಉಪ್ಪೂ ನಷ್ಟವಾದರೂ ತಂಪು ದೊರೆಯದು. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಖರ್ಚು ಉಂಟು, ಆದಾಯವಿಲ್ಲ.

ಗಡಿಯಾರ ಮತ್ತು ಸೂರ್ಯ

ಸಿಂಗಪುರದ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ. 1982ರಿಂದ ಜಾರಿಯಲ್ಲಿರುವ ಈ ಕಾಲಮಾನ ಅಲ್ಲಿನ ಸೂರ್ಯನಿಗಿಂತಲೂ ಸುಮಾರು ಒಂದು ಗಂಟೆ ಮುಂದಿರುವುದರಿಂದ ನೆತ್ತಿಯ ಬಿಸಿಲು ಬರುವುದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಸೂರ್ಯೋದಯವೂ ಏಳರ ಆಸುಪಾಸಿನಲ್ಲಿ. ಹೀಗಾಗಿ ಅಂಗಡಿ ಸುತ್ತಾಟವನ್ನು ಬೆಳಗಿನ ಹನ್ನೊಂದರೊಳಗೆ ಅಥವಾ ಸಂಜೆ ಐದರ ನಂತರ ಇರಿಸಿಕೊಂಡು, ನಡುವಿನ ಅವಧಿಯನ್ನು ಕಚೇರಿಯ ಮಾತುಕತೆಗಳಿಗೆ ಮೀಸಲಿಡುವುದು ಲೇಸು.

ವರ್ತಕರ ಜಗಲಿ

ನಡೆಯಲೇಬೇಕಾದಾಗ ನೆರಳನ್ನು ಆಶ್ರಯಿಸಬೇಕು. ಪ್ರತಿ ಕಟ್ಟಡದ ಮುಂದೆಯೂ ಸದಾ ತೆರೆದಿರುವ, ಮಾಡುಳ್ಳ ಜಗಲಿ ಇರತಕ್ಕದ್ದೆಂದೂ ಅವೆಲ್ಲ ಕೂಡಿ ಬೀದಿಯುದ್ದಕ್ಕೂ ಒಂದೇ ದಾರಿಯಾಗಬೇಕೆಂದೂ ರಾಫಲ್ಸ್ 1822ರಲ್ಲಿಯೇ ನಗರಯೋಜನೆಯಲ್ಲಿ ಸೂಚಿಸಿದ್ದನು. ‘ಫೈವ್ ಫುಟ್ ವೇ’, ಅಂದರೆ ಐದಡಿ ದಾರಿ ಎಂದು ಹೆಸರಾದ ಈ ಜಗಲಿಗಳು ಲಿಟಲ್ ಇಂಡಿಯಾ, ಚೈನಾಟೌನ್‌ಗಳ ಹಳೆಯ ಅಂಗಡಿಸಾಲುಗಳಲ್ಲಿ ಇಂದಿಗೂ ಇವೆ. ಗಿರಾಕಿಗೆ ಬಿಸಿಲೂ ಮಳೆಯೂ ತಾಗದಂತೆ ನೋಡಿಕೊಂಡರೆ ಆತ ಅಂಗಡಿಯ ಮುಂದೆ ಇನ್ನಷ್ಟು ಹೊತ್ತು ನಿಲ್ಲುತ್ತಾನೆಂಬ ಪಾಠವೂ ಇಲ್ಲಿದೆ. ದೂರದ ಸಂಚಾರಕ್ಕೆ ಹವಾನಿಯಂತ್ರಿತ ಎಂಆರ್‌ಟಿ ರೈಲು ಅನುಕೂಲ.

ಉಡುಪು, ನೀರು

ಸಡಿಲವಾದ, ತಿಳಿಬಣ್ಣದ, ತೆಳು ಹತ್ತಿಯ ಅಂಗಿ ಉತ್ತಮ. ಕೋಟನ್ನು ತೊಡುವ ಬದಲು ಕೈಯಲ್ಲಿ ಹಿಡಿದು ಹೋಗಬೇಕು. ಸಭಾಂಗಣಗಳಲ್ಲಿ ಚಳಿಯಾಗುವಷ್ಟು ತಂಪಿರುವುದರಿಂದ ಅಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಚೀಲದಲ್ಲಿ ಇನ್ನೊಂದು ಅಂಗಿಯೂ ಕೊಡೆಯೂ ಇರಲಿ. ಸಿಂಗಪುರದ ನಲ್ಲಿ ನೀರು ನೇರವಾಗಿ ಕುಡಿಯಲು ಯೋಗ್ಯ. ಬಾಟಲಿಯನ್ನು ತುಂಬಿಸಿಕೊಂಡು ಆಗಾಗ ಗುಟುಕರಿಸಬೇಕು. ಆದರೆ ಎಂಆರ್‌ಟಿಯಲ್ಲಿ ತಿನ್ನುವುದೂ ಕುಡಿಯುವುದೂ ನಿಷಿದ್ಧ. ದಂಡ 500 ಡಾಲರ್‌ವರೆಗೆ ಬೀಳಬಹುದು. ರಕ್ತದೊತ್ತಡಕ್ಕೆ ಮೂತ್ರವರ್ಧಕ ಮಾತ್ರೆ ಸೇವಿಸುವವರು ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು.

ಉಪೇಕ್ಷೆ ಸಲ್ಲದು

ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡೊಡನೆ ಕೆಲಸ ನಿಲ್ಲಿಸಿ ತಂಪಾದೆಡೆ ಕುಳಿತು ನೀರು ಕುಡಿಯಬೇಕು. ಮಾತು ತಡವರಿಸಿದರೆ, ಪ್ರಜ್ಞೆ ಮಸುಕಾದರೆ ಅದು ಪ್ರಾಣಾಪಾಯದ ಶಾಖಾಘಾತವಿರಬಹುದು. ಮೈಗೆ ನೀರು ಸುರಿದು ಗಾಳಿ ಬೀಸುತ್ತಾ 995ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸಬೇಕು.

ಟಿಕೆಟ್ಟಿಗೂ ವಸತಿಗೂ ಹಣ ತೆತ್ತವರು ದಿನಕ್ಕೆ ಐದು ಭೇಟಿಗಳನ್ನು ತುರುಕುವುದು ಸಹಜ. ಆದರೆ ಬಳಲಿದ ತಲೆ ದರವನ್ನು ಸರಿಯಾಗಿ ತೂಗಲಾರದು, ಕರಾರಿನ ಸಣ್ಣ ಅಕ್ಷರಗಳನ್ನು ಓದಲಾರದು. ಐದರ ಬದಲು ಮೂರು ಭೇಟಿಗಳನ್ನಿಟ್ಟುಕೊಂಡು ತಂಪಾದ ತಲೆಯಿಂದ ಮಾತು ಮುಗಿಸಿದವರೇ ಲಾಭದೊಡನೆ ಮರಳುತ್ತಾರೆ.