ಮುಂದೆ ಕಳಿಸುವ ಮುನ್ನ ಮೂರು ಪ್ರಶ್ನೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ತಾಯಂದಿರು ಔಷಧ ಕೇಳುವ ಮೊದಲೇ ಮೊಬೈಲ್ ತೋರಿಸುತ್ತಾರೆ: "ಹಕೀಮ್ ಸಾಬ್, ಇದು ನಿಜವೇ?" ಕೇಳುವುದು ಒಳ್ಳೆಯದೇ. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ, ಲಸಿಕೆ ಹಾಕಿಸಿದರೆ ಮುಂದೆ ಸಂತಾನವಾಗದು ಎಂಬ ಸುಳ್ಳು ವಾಟ್ಸ್ಆ್ಯಪ್‌ನಲ್ಲಿ ಹರಡಿತ್ತು. ನಿಜವಾದ ಅಪಾಯ ರೋಗದಲ್ಲಿದೆ. ದಡಾರ ನ್ಯುಮೋನಿಯಾಕ್ಕೆ ತಿರುಗಿ ಜೀವ ತೆಗೆಯಬಹುದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗಬಹುದು.

ನೆರೆಯ ಕೇರಳದ ಕಣ್ಣೂರು ಜಿಲ್ಲೆ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೆ' ಹೆಸರಿನ ತರಗತಿ ನಡೆಸಿ, ಸುಳ್ಳುಸುದ್ದಿ ಗುರುತಿಸಲು ಕಲಿಸಿತು. ನಮ್ಮ ಶಾಲೆ, ಮದರಸಾಗಳಲ್ಲೂ ಮೂರು ಪ್ರಶ್ನೆ ಕಲಿಸೋಣ: ಬರೆದವರು ಯಾರು? ಯಾವಾಗ? ಆರೋಗ್ಯ ಇಲಾಖೆ ಏನು ಹೇಳಿದೆ? ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ. ಯುನಾನಿ ಹೆಸರಿನಲ್ಲಿ ಬರುವ ಸಂದೇಶಕ್ಕೂ ಇದೇ ನಿಯಮ.