ಮಗಳು ಡಾಕ್ಟರಾಗ್ತಾಳೆ, ಯಾವ ಕಾಲೇಜಿನಲ್ಲಿ?

ನೀಟ್ ಫಲಿತಾಂಶ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಒಂದೇ ಮಾತು: "ಹೆಣ್ಣುಹುಡುಗಿ, ಅಷ್ಟು ದೂರ ಹೆಂಗ ಕಳಿಸೋದ್ರೀ?" ತಾಯಂದಿರೇ, ನಿಮ್ಮ ಆತಂಕ ಸಹಜವೇ. ಆದರೆ ಬರೀ ಹೆದರಿಕೆಯಿಂದ ಕಾಲೇಜು ಆರಿಸಬೇಡಿ.

ಕಲಬುರಗಿಯ ಮಹಾದೇವಪ್ಪ ರಾಂಪುರೆ ಕಾಲೇಜು 1963ರಿಂದಲೂ ಇದೆ, ಅದು ಖಾಸಗಿ. ಸರ್ಕಾರಿ ಕಾಲೇಜುಗಳು ರಾಯಚೂರಿಗೆ 2007ರಲ್ಲಿ, ಕಲಬುರಗಿಗೆ 2013ರಲ್ಲಿ ಬಂದವು. 2022ರಲ್ಲಿ ಯಾದಗಿರಿಗೇ 150 ಸೀಟುಗಳ ಸರ್ಕಾರಿ ಕಾಲೇಜು ಬಂತು. ನಾಲ್ಕಕ್ಕೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದೇ ಪರೀಕ್ಷೆ, ಅದರದೇ ಪದವಿ.

ಹಾಗಾದರೆ ನೋಡಬೇಕಾದ್ದೇನು? ಫೀಸು, ಹಾಸ್ಟೆಲು, ಎಲ್ಲಕ್ಕಿಂತ ಮಿಗಿಲಾಗಿ ಆಸ್ಪತ್ರೆ. ವೈದ್ಯವಿದ್ಯೆ ಬರೋದು ರೋಗಿಯ ಹಾಸಿಗೆ ಪಕ್ಕದಲ್ಲಿ. ವಾರ್ಡುಗಳಲ್ಲಿ ರೋಗಿಗಳಿದ್ದಾರೆಯೇ, ಕಲಿಸುವವರು ಸಾಕಷ್ಟು ಇದ್ದಾರೆಯೇ ಎಂದು ಅಲ್ಲೇ ಓದುತ್ತಿರುವ ಹುಡುಗಿಯರನ್ನು ಕೇಳಿ. ಹತ್ತಿರದ ಕಾಲೇಜು ಇದರಲ್ಲಿ ಗೆದ್ದರೆ ಸಂತೋಷ. ಸೋತರೆ ದೂರಕ್ಕೆ ಅಂಜಬೇಡಿ.

371(ಜೆ) ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಡಿ. ರಾಜ್ಯದ ಪಾಲಿನ ಸೀಟುಗಳಲ್ಲಿ ನಮ್ಮ ಭಾಗದಲ್ಲಿ ನೂರಕ್ಕೆ 70, ಹೊರಗಿನ ಕಾಲೇಜುಗಳಲ್ಲಿ ನೂರಕ್ಕೆ 8 ಸ್ಥಳೀಯರಿಗೆ ಮೀಸಲು. ಅಂದರೆ ಬೆಂಗಳೂರು, ಮೈಸೂರಿನ ಬಾಗಿಲೂ ಮುಚ್ಚಿಲ್ಲ.

ಇನ್ನೊಂದು ಮಾತು. ಆಯ್ಕೆಪಟ್ಟಿಯಲ್ಲಿ ನಿಜವಾಗಿ ಬೇಕಾದದ್ದನ್ನೇ ಮೇಲೆ ಬರೆಸಿ. ಸಿಗಲಾರದ ಕಾಲೇಜನ್ನು ಮೊದಲಿಗೆ ಹಾಕಿದರೆ ನಷ್ಟವಿಲ್ಲ. ಬೇಡವಾದದ್ದನ್ನು ಮೇಲೆ ಹಾಕಿದರೆ ಅದೇ ಕೊರಳಿಗೆ ಬಿದ್ದೀತು!

ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷದ ಇಂಟರ್ನ್‌ಷಿಪ್. ಅಷ್ಟೂ ದಿನ ಅಲ್ಲಿರುವವಳು ಅವಳು. ಲೆಕ್ಕ ನೀವು ಹಾಕಿಕೊಡಿ, ಪಟ್ಟಿ ಮಾತ್ರ ಅವಳೇ ಬರೆಯಲಿ.