ಮುರಾಕಾಮಿ ಯಾರ ಸೊತ್ತು?

1964ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪರ ಚೆಂಡೆಸೆಯಲು ಇಳಿದ ಮಸಾನೊರಿ ಮುರಾಕಾಮಿಗೆ ಆಗ ಬರೀ 20 ವರ್ಷ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಆಡಿದ ಮೊದಲ ಜಪಾನಿ ಅವರು. ಎರಡನೇ ಮಹಾಯುದ್ಧ ಮುಗಿದು ಇನ್ನೂ ಎರಡು ದಶಕವೂ ಆಗಿರಲಿಲ್ಲ.

ಅವರನ್ನು ಅಲ್ಲಿಗೆ ಕಳಿಸಿದ್ದು ಒಸಾಕಾದ ನಂಕಾಯ್ ಹಾಕ್ಸ್, ಒಂದು ರೈಲು ಕಂಪನಿಯ ತಂಡ. ಮೂವರು ಹುಡುಗರು ತರಬೇತಿಗೆಂದು ಹೋದರು. ಮುರಾಕಾಮಿ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಕೆಳಹಂತದ ತಂಡದಲ್ಲಿ ಎಷ್ಟು ಚೆನ್ನಾಗಿ ಆಡಿದರೆಂದರೆ, ಜೈಂಟ್ಸ್ ನೇರ ದೊಡ್ಡ ತಂಡಕ್ಕೇ ಕರೆಸಿಕೊಂಡಿತು.

ಜಗಳ ಶುರುವಾಗಿದ್ದು ಇಲ್ಲಿಂದ. ಈ ಹುಡುಗರಲ್ಲಿ ಯಾರಾದರೂ ಮೇಜರ್ ಲೀಗ್ ತಲುಪಿದರೆ 10,000 ಡಾಲರ್ ಕೊಟ್ಟು ಕೊಂಡುಕೊಳ್ಳಬಹುದು ಅಂತ ಒಪ್ಪಂದದಲ್ಲಿತ್ತು. ಜೈಂಟ್ಸ್ ದುಡ್ಡು ಕೊಟ್ಟು, ಇನ್ನು ಈತ ನಮ್ಮವನು ಅಂದಿತು. ನಾವು ಕಳಿಸಿದ್ದು ಎರವಲಾಗಿ ಅಷ್ಟೇ ಅಂದಿತು ನಂಕಾಯ್. ಮಧ್ಯೆ ಸಿಕ್ಕಿಬಿದ್ದ ಮುರಾಕಾಮಿ ಎರಡೂ ಕಡೆ ಸಹಿ ಹಾಕಿದ್ದರು! ಕೊನೆಗೆ ಎರಡೂ ದೇಶಗಳ ಬೇಸ್‌ಬಾಲ್ ಕಮಿಷನರ್‌ಗಳ ಮಟ್ಟದಲ್ಲಿ ರಾಜಿಯಾಯ್ತು: 1965ರಲ್ಲಿ ಜೈಂಟ್ಸ್‌ಗೆ ಆಡಿ, ಆಮೇಲೆ ಊರಿಗೆ ವಾಪಸ್.

ಇಲ್ಲೊಂದು ವಿಷಯ ತಿಳಿದಿರಬೇಕು. ಆಗ ಅಮೆರಿಕದ ಆಟಗಾರರೇ ಸ್ವತಂತ್ರರಾಗಿರಲಿಲ್ಲ. 'ರಿಸರ್ವ್ ಕ್ಲಾಸ್' ಅನ್ನೋ ನಿಯಮದ ಪ್ರಕಾರ ಕರಾರು ಮುಗಿದರೂ ಆಟಗಾರನ ಮೇಲಿನ ಹಕ್ಕು ಕ್ಲಬ್‌ನದ್ದೇ. ಅದನ್ನು ಪ್ರಶ್ನಿಸಿದ ಕಪ್ಪು ಆಟಗಾರ ಕರ್ಟ್ ಫ್ಲಡ್ 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಆ ನಿಯಮದ ಬೆನ್ನು ಮುರಿದದ್ದು 1975ರ ಮಧ್ಯಸ್ಥಿಕೆ ತೀರ್ಪು, ಅದರ ಹಿಂದಿದ್ದದ್ದು ಆಟಗಾರರ ಯೂನಿಯನ್. ಅಂದ್ರೆ ಮುರಾಕಾಮಿ ಬಗ್ಗೆ ಜಗಳವಾಡಿದ್ದು ಇಬ್ಬರು ಮಾಲೀಕರು. ಆತನಿಗೆ ಏನು ಬೇಕು ಅನ್ನೋದು ಜಗಳದ ವಿಷಯವೇ ಆಗಿರಲಿಲ್ಲ.

ಎರಡು ಸೀಸನ್‌ಗಳಲ್ಲಿ 54 ಪಂದ್ಯ, 5 ಗೆಲುವು, 1 ಸೋಲು. 89 ಇನಿಂಗ್ಸ್‌ಗಳಲ್ಲಿ ಸರಿಯಾಗಿ 100 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ್ದರು. ಇದು ಸೋತು ಹೊರಬಿದ್ದವನ ಲೆಕ್ಕ ಅಲ್ಲ.

ಮುರಾಕಾಮಿ ವಾಪಸಾದ ಮೇಲೆ ಬಾಗಿಲು ಮುಚ್ಚಿತು. 1967ರಲ್ಲಿ ಎರಡೂ ದೇಶಗಳು ಪರಸ್ಪರರ ಆಟಗಾರರನ್ನು ಕಸಿಯಬಾರದು ಅಂತ ಒಪ್ಪಂದ ಮಾಡಿಕೊಂಡವು. ಮುಂದಿನ ಜಪಾನಿ ಆಟಗಾರ ಹಿಡಿಯೊ ನೊಮೊ ಬಂದದ್ದು 1995ರಲ್ಲಿ, ಅದೂ 'ನಿವೃತ್ತ'ನಾದವನು ಎಲ್ಲಿ ಬೇಕಾದರೂ ಆಡಬಹುದು ಅನ್ನೋ ಸಂದಿಯಲ್ಲಿ ನುಸುಳಿ. ಗಾಬರಿಬಿದ್ದ ಕ್ಲಬ್‌ಗಳು 1998ರಲ್ಲಿ 'ಪೋಸ್ಟಿಂಗ್' ಪದ್ಧತಿ ತಂದವು. 2000ದಲ್ಲಿ ಇಚಿರೊ ಸುಜುಕಿ ಜೊತೆ ಮಾತುಕತೆ ನಡೆಸುವ ಹಕ್ಕಿಗಷ್ಟೇ ಸಿಯಾಟಲ್ ತಂಡ 1.3 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟಿತು. ಆ ಹಣ ಹೋದದ್ದು ಇಚಿರೊಗಲ್ಲ, ಜಪಾನಿನ ಕ್ಲಬ್‌ಗೆ.

ಮುರಾಕಾಮಿ ಜಪಾನಿನಲ್ಲಿ 1982ರವರೆಗೆ ಆಡಿ 103 ಪಂದ್ಯ ಗೆದ್ದರು. ಮರುವರ್ಷ, 38ನೇ ವಯಸ್ಸಿನಲ್ಲಿ, ಮತ್ತೆ ಜೈಂಟ್ಸ್ ಶಿಬಿರದ ಬಾಗಿಲು ತಟ್ಟಿದರು. ತಂಡದಲ್ಲಿ ಜಾಗ ಸಿಗಲಿಲ್ಲ.